ಮೆದುಳು ನೋಡುವ ಟೋಪಿ ಬಂದಿರೋದು ನಿಜ. ಅದರ ಹೆಸರಲ್ಲಿ ಟೋಪಿ ಹಾಕಿಸಿಕೊಳ್ಳಬೇಡಿ

ಕೊರೊನಾ ಟೈಮಲ್ಲಿ ಬೆರಳಿಗೆ ಸಿಕ್ಕಿಸುತ್ತಿದ್ದ ಆಕ್ಸಿಮೀಟರ್ ಎಲ್ಲರಿಗೂ ನೆನಪಿರುತ್ತೆ. ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹಿಡಿದುಕೊಂಡು ಬಂದು 98 ಇದೆ, 94 ಇದೆ ಅಂತ ಬರೆದುಕೊಂಡು ಹೋಗ್ತಿದ್ರು. ಸೂಜಿ ಚುಚ್ಚುತ್ತಿರಲಿಲ್ಲ, ರಕ್ತ ತೆಗೆಯುತ್ತಿರಲಿಲ್ಲ. ಬೆರಳಿಗೆ ಬರೀ ಬೆಳಕು ಬಿಟ್ಟು ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಅಂತ ಆ ಪುಟ್ಟ ಸಾಧನ ಹೇಳಿಬಿಡ್ತಿತ್ತು.

ಅದೇ ಬೆಳಕಿನ ಲೆಕ್ಕವನ್ನು ಬೆರಳು ಬಿಟ್ಟು ತಲೆಗೆ ಹಾಕಿದರೆ, ಮೆದುಳಿನ ಕೆಲಸವೂ ಸ್ವಲ್ಪ ಮಟ್ಟಿಗೆ ಕಾಣುತ್ತೆ. ಅದಕ್ಕೆ ಅಂತಲೇ ಒಂದು ಟೋಪಿ ಇದೆ. ವಿಜ್ಞಾನಿಗಳು ಈ ಟೋಪಿಯನ್ನು ಇಬ್ಬರಿಗೆ ಒಟ್ಟಿಗೆ ಹಾಕಿ, ಎದುರುಬದುರು ಕೂರಿಸಿ, ಮಾತಾಡಿಸಿ, ಆಟ ಆಡಿಸಿ, ಆ ಹೊತ್ತಲ್ಲಿ ಇಬ್ಬರ ಮೆದುಳಲ್ಲೂ ಏನಾಗುತ್ತೆ ಅಂತ ನೋಡ್ತಿದ್ದಾರೆ. ನಮ್ಮ ದೇಶದಲ್ಲೂ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಚಿಕ್ಕ ಮಕ್ಕಳಿಗೆ ಇಂಥ ಟೋಪಿ ಹಾಕಿ ಅಧ್ಯಯನ ಮಾಡಲಾಗಿದೆ.

ಇದನ್ನ ಇಲ್ಲಿ ಯಾಕೆ ಬರೀಬೇಕು ಅಂದ್ರೆ, "ಮನಸ್ಸು ಓದುವ ಮಷಿನ್ ಬಂತು" ಅನ್ನೋ ವಿಡಿಯೋಗಳು ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡ್ತಾನೇ ಇರುತ್ತವೆ. ಇನ್ನೊಂದು ಕಡೆ ಮಕ್ಕಳ ಬ್ರೈನ್ ಟೆಸ್ಟ್, ಬ್ರೈನ್ ಮ್ಯಾಪಿಂಗ್ ಅಂತ ಪಾಂಪ್ಲೆಟ್ ಹಂಚಿ ಸಾವಿರಾರು ರೂಪಾಯಿ ಕೇಳೋರೂ ಇದ್ದಾರೆ. ನಿಜವಾದ ವಿಜ್ಞಾನ ಯಾವುದು, ಅದು ಎಷ್ಟು ಹೇಳುತ್ತೆ, ಎಲ್ಲಿ ನಿಲ್ಲುತ್ತೆ ಅಂತ ಗೊತ್ತಿದ್ದರೆ ಜೇಬಿನ ದುಡ್ಡೂ ಉಳಿಯುತ್ತೆ, ಮಕ್ಕಳ ಮೇಲೆ ಬೇಡದ ಹಣೆಪಟ್ಟಿ ಬೀಳೋದೂ ತಪ್ಪುತ್ತೆ.

ಬೆಳಕು ತಲೆಬುರುಡೆ ದಾಟುತ್ತಾ?

ದಾಟುತ್ತೆ. ರಾತ್ರಿ ಕರೆಂಟ್ ಹೋದಾಗ ಮೊಬೈಲ್ ಟಾರ್ಚ್ ಆನ್ ಮಾಡಿ ಅದರ ಮೇಲೆ ಬೆರಳು ಮುಚ್ಚಿ ನೋಡಿ. ಬೆರಳು ಕೆಂಪಗೆ ಹೊಳೆಯುತ್ತೆ. ಟಾರ್ಚಿನ ಬಿಳಿ ಬೆಳಕಲ್ಲಿ ಎಲ್ಲ ಬಣ್ಣವೂ ಇದೆ. ಆದರೆ ನೀಲಿ, ಹಸಿರನ್ನು ರಕ್ತ ಹೀರಿಕೊಂಡು ಬಿಡುತ್ತೆ, ಕೆಂಪು ಮಾತ್ರ ಈಚೆ ಬರುತ್ತೆ. ಕೆಂಪಿಗಿಂತ ಒಂದು ಹೆಜ್ಜೆ ಆಚೆಗೆ ಕಣ್ಣಿಗೆ ಕಾಣದ ಬೆಳಕಿದೆ, ಅದು ಇನ್‌ಫ್ರಾರೆಡ್, ಅಂದರೆ ಅವಗೆಂಪು. ಟಿವಿ ರಿಮೋಟಿನ ತುದಿಯಲ್ಲಿ ಬರೋದೂ ಅಂಥದ್ದೇ. ಈ ಬೆಳಕು ಚರ್ಮ, ಮಾಂಸ, ಮೂಳೆಯೊಳಗೆ ಇನ್ನೂ ಸ್ವಲ್ಪ ದೂರ ಹೋಗುತ್ತೆ.

1977ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿದ್ದ ಫ್ರಾನ್ಸ್ ಯೋಬ್ಸಿಸ್ ಅನ್ನೋ ವಿಜ್ಞಾನಿ ಬೆಕ್ಕಿನ ತಲೆಗೆ ಈ ಬೆಳಕು ಬಿಟ್ಟು, ಅದು ಬುರುಡೆ ದಾಟಿ ಹೊರಗೆ ಬರೋದನ್ನೂ, ಮೆದುಳಿನ ರಕ್ತದಲ್ಲಿ ಆಮ್ಲಜನಕ ಹೆಚ್ಚುಕಡಿಮೆ ಆಗೋದನ್ನು ಅದರಿಂದ ಅಳೆಯಬಹುದು ಅನ್ನೋದನ್ನೂ ತೋರಿಸಿದರು. ಅದಕ್ಕೂ ಸ್ವಲ್ಪ ಮುಂಚೆ, 1970ರ ದಶಕದ ಆರಂಭದಲ್ಲೇ, ಜಪಾನಿನ ಟಕುವೊ ಅಯೋಯಾಗಿ ಆಕ್ಸಿಮೀಟರಿನ ಮೂಲ ಉಪಾಯ ಕಂಡುಹಿಡಿದಿದ್ದರು. ಅವರು ತೀರಿಕೊಂಡಿದ್ದು 2020ರ ಏಪ್ರಿಲ್‌ನಲ್ಲಿ, ಇಡೀ ಜಗತ್ತು ಅವರ ಸಾಧನ ಹುಡುಕಿಕೊಂಡು ಓಡಾಡ್ತಿದ್ದ ಹೊತ್ತಲ್ಲೇ. ಮನುಷ್ಯರು ಯೋಚನೆ ಮಾಡುವಾಗ ಮೆದುಳಿನಲ್ಲಾಗುವ ಬದಲಾವಣೆಯನ್ನು ಬೆಳಕಿನಿಂದ ಅಳೆಯುವ ಪ್ರಯೋಗಗಳು 1993ರಿಂದ ಶುರುವಾದವು.

ಈ ವಿಧಾನಕ್ಕೆ ವಿಜ್ಞಾನಿಗಳು ಇಟ್ಟಿರೋ ಚಿಕ್ಕ ಹೆಸರು ಎಫ್‌ನಿರ್ಸ್. ನಾವಿಲ್ಲಿ ಬೆಳಕಿನ ಟೋಪಿ ಅಂತಲೇ ಕರೆಯೋಣ.

ಟೋಪಿ ಅಳೆಯೋದು ರಕ್ತವನ್ನ, ಯೋಚನೆಯನ್ನಲ್ಲ

ಇದೊಂದು ವಿಷಯ ಅರ್ಥ ಆದರೆ ಮುಂದಿನದೆಲ್ಲ ಸುಲಭ.

ನಮ್ಮ ಮೆದುಳು ದೇಹದ ತೂಕದಲ್ಲಿ ನೂರಕ್ಕೆ 2 ಭಾಗ ಅಷ್ಟೇ. ಆದರೆ ದೇಹದ ಶಕ್ತಿಯಲ್ಲಿ ಸುಮಾರು 20 ಭಾಗ ಅದೊಂದೇ ತಿನ್ನುತ್ತೆ. ಮೆದುಳಿನ ಯಾವ ಜಾಗಕ್ಕೆ ಕೆಲಸ ಬೀಳುತ್ತೋ ಆ ಜಾಗಕ್ಕೆ ರಕ್ತ ಜಾಸ್ತಿ ಹರಿಯುತ್ತೆ. ಅದೂ ಖರ್ಚಾಗೋದಕ್ಕಿಂತ ಹೆಚ್ಚಾಗಿಯೇ ಬರುತ್ತೆ. ಜಾತ್ರೆ ದಿನ ಹೋಟೆಲಿನವರು ಹಾಲು ಸಾಲದೇ ಬರಬಾರದು ಅಂತ ಎರಡು ಕ್ಯಾನ್ ಜಾಸ್ತಿನೇ ತರಿಸ್ತಾರಲ್ಲ, ಹಾಗೆ. ಹೀಗಾಗಿ ಆ ಜಾಗದಲ್ಲಿ ಆಮ್ಲಜನಕ ಹೊತ್ತ ರಕ್ತ ಏರುತ್ತೆ, ಆಮ್ಲಜನಕ ಬಿಟ್ಟುಕೊಟ್ಟ ರಕ್ತ ಇಳಿಯುತ್ತೆ.

ಈ ಎರಡು ಬಗೆಯ ರಕ್ತ ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತವೆ. ಅದಕ್ಕೇ ಟೋಪಿಯಿಂದ ಎರಡು ಬಗೆಯ ಇನ್‌ಫ್ರಾರೆಡ್ ಬೆಳಕು ಬಿಡ್ತಾರೆ. ಸಾಮಾನ್ಯವಾಗಿ ಒಂದು 760 ನ್ಯಾನೊಮೀಟರ್ ಆಸುಪಾಸಿನದು, ಇನ್ನೊಂದು 850ರ ಆಸುಪಾಸಿನದು. ಒಂದು ಕಡೆ ಬೆಳಕು ಬಿಡುವ ಗುಂಡಿ, ಅದರಿಂದ ಸುಮಾರು 3 ಸೆಂಟಿಮೀಟರ್ ದೂರದಲ್ಲಿ ಬೆಳಕು ಹಿಡಿಯುವ ಗುಂಡಿ. ಒಳಗೆ ಹೋದ ಬೆಳಕು ನೆಟ್ಟಗೆ ಹೋಗಲ್ಲ, ಚದುರುತ್ತೆ. ಚದುರಿದ್ದರಲ್ಲಿ ಸ್ವಲ್ಪ ಭಾಗ ಬಾಗಿಕೊಂಡು ಮೆದುಳಿನ ಮೇಲ್ಪದರ ಸವರಿ ಎರಡನೇ ಗುಂಡಿಯ ಹತ್ತಿರ ಹೊರಗೆ ಬರುತ್ತೆ. ವಿಜ್ಞಾನಿಗಳೇ ಈ ದಾರಿಯನ್ನು ಬಾಳೆಹಣ್ಣಿನ ಆಕಾರ ಅಂತ ಕರೀತಾರೆ. ವಾಪಸ್ ಬಂದ ಬೆಳಕು ಎಷ್ಟು ಕಮ್ಮಿಯಾಗಿದೆ ಅಂತ ನೋಡಿ, ಆ ಜಾಗದ ರಕ್ತದಲ್ಲಿ ಏನು ಬದಲಾಯ್ತು ಅಂತ ಲೆಕ್ಕ ಹಾಕ್ತಾರೆ.

ಇಲ್ಲಿ ಎರಡು ಮಿತಿ ಇವೆ. ಒಂದು, ಬೆಳಕು ಮೆದುಳಿನ ಹೊರಪದರದ ತನಕ ಮಾತ್ರ ಹೋಗುತ್ತೆ. ಭಯ, ನೆನಪುಗಳಿಗೆ ಮುಖ್ಯವಾದ ಆಳದ ಭಾಗಗಳು ಇದಕ್ಕೆ ಸಿಗೋದೇ ಇಲ್ಲ. ಎರಡು, ರಕ್ತ ನಿಧಾನ. ಮೆದುಳು ಕೆಲಸ ಮಾಡಿದ ಐದಾರು ಸೆಕೆಂಡ್ ಆದ ಮೇಲೆ ರಕ್ತದ ಏರಿಕೆ ತುದಿ ಮುಟ್ಟುತ್ತೆ. ಅಂದ್ರೆ ಟೋಪಿ ತೋರಿಸೋದು ಆಗಿಹೋದ ಕೆಲಸದ ನೆರಳನ್ನ. ನೀವು ಏನು ಯೋಚನೆ ಮಾಡಿದ್ರಿ, ಸಾಲದ ಬಗ್ಗೆನೋ ಮಗಳ ಮದುವೆ ಬಗ್ಗೆನೋ, ಅದು ರಕ್ತದಲ್ಲಿ ಬರೆದಿರಲ್ಲ.

ಎಂಆರ್‌ಐ ಇದೆಯಲ್ಲ, ಮತ್ತೆ ಇದ್ಯಾಕೆ?

ಎಂಆರ್‌ಐ ಮಾಡಿಸಿಕೊಂಡವರನ್ನ ಕೇಳಿ. ಸುರಂಗದಂಥ ಮಷಿನ್ ಒಳಗೆ ಅಲುಗಾಡದೆ ಮಲಗಬೇಕು. ಕಿವಿ ಮುಚ್ಚಿಕೊಂಡರೂ ಬಡಿಯೋ ಸದ್ದು. ಮೈಮೇಲೆ ಒಡವೆ, ಲೋಹ ಇರಬಾರದು. ಮೆದುಳಿನ ಆಳದವರೆಗೆ ಚೆನ್ನಾಗಿ ತೋರಿಸೋದು ಅದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನುಷ್ಯರು ಬದುಕೋದು ಸುರಂಗದೊಳಗೆ ಒಬ್ಬರೇ ಮಲಗಿಕೊಂಡಲ್ಲ. ಅಂಗಡಿ ಕಟ್ಟೆ ಮೇಲೆ ಚೌಕಾಸಿ ಮಾಡ್ತೀವಿ, ಮಗುಗೆ ಊಟ ಮಾಡಿಸ್ತೀವಿ, ಸಂಘದ ಸಭೆಯಲ್ಲಿ ಜಗಳ ಆಡ್ತೀವಿ. ಇಂಥ ಹೊತ್ತಲ್ಲಿ ಮೆದುಳು ಹೇಗಿರುತ್ತೆ ಅಂತ ಎಂಆರ್‌ಐ ಒಳಗೆ ನೋಡೋದು ಕಷ್ಟ.

ಇಇಜಿ ಇನ್ನೊಂದು ದಾರಿ. ಮೂರ್ಛೆ ರೋಗದವರಿಗೆ ತಲೆ ತುಂಬ ವೈರ್ ಅಂಟಿಸಿ ಮಾಡ್ತಾರಲ್ಲ, ಅದು. ಮೆದುಳಿನ ವಿದ್ಯುತ್ತನ್ನೇ ಹಿಡಿಯೋದರಿಂದ ಬಹಳ ವೇಗ. ಆದರೆ ಮಾತಾಡಿದರೆ, ದವಡೆ ಅಲ್ಲಾಡಿಸಿದರೆ ಸ್ನಾಯುಗಳ ವಿದ್ಯುತ್ತೂ ಸೇರಿಕೊಂಡು ಗೊಂದಲ ಆಗುತ್ತೆ. ಯಾವ ಜಾಗದಿಂದ ಬಂತು ಅನ್ನೋದೂ ಅಷ್ಟು ನಿಖರವಾಗಿ ಸಿಗಲ್ಲ.

ಬೆಳಕಿನ ಟೋಪಿ ಇವೆರಡರ ನಡುವೆ ನಿಲ್ಲುತ್ತೆ. ಈಗಿನ ಮಾದರಿಗಳಲ್ಲಿ ಟೋಪಿ, ಒಂದು ಚಿಕ್ಕ ಡಬ್ಬಿ, ಬ್ಯಾಟರಿ ಇಷ್ಟೇ. ಬ್ಯಾಗಿನಲ್ಲಿ ಹಾಕಿಕೊಂಡು ಓಡಾಡಬಹುದು. ಮಾಹಿತಿ ವೈರ್ ಇಲ್ಲದೆ ಲ್ಯಾಪ್‌ಟಾಪಿಗೆ ಹೋಗುತ್ತೆ. ಹಾಕಿಕೊಂಡವರು ಕೂರಬಹುದು, ನಡೆಯಬಹುದು, ಮಾತಾಡಬಹುದು, ನಗಬಹುದು. ಎಕ್ಸ್‌ರೇ ಥರದ ವಿಕಿರಣ ಇಲ್ಲದ್ದರಿಂದ ಹಸುಗೂಸುಗಳಿಗೂ ಹಾಕ್ತಾರೆ.

ಇಬ್ಬರ ಮೆದುಳು, ಒಟ್ಟಿಗೆ

ಇಬ್ಬರ ಅಥವಾ ಹೆಚ್ಚು ಜನರ ಮೆದುಳನ್ನು ಒಂದೇ ಹೊತ್ತಲ್ಲಿ ಅಳೆಯೋದಕ್ಕೆ ಹೈಪರ್‌ಸ್ಕ್ಯಾನಿಂಗ್ ಅಂತಾರೆ. ಈ ಹೆಸರು ಬಂದಿದ್ದು 2002ರಲ್ಲಿ, ಆಗ ಎರಡು ಎಂಆರ್‌ಐ ಮಷಿನ್ ಜೋಡಿಸಿ ಮಾಡಿದ್ದರು. ಬೆಳಕಿನ ಟೋಪಿ ಬಂದ ಮೇಲೆ ಇದು ಸಲೀಸಾಯ್ತು. ನಾಲ್ಕು ಪ್ರಯೋಗ ನೋಡೋಣ.

1. ಜೊತೆಯಾಟ, ಪೈಪೋಟಿ (ಅಮೆರಿಕದ ಸ್ಟ್ಯಾನ್‌ಫರ್ಡ್, 2012): ಇಬ್ಬರನ್ನು ಕಂಪ್ಯೂಟರ್ ಮುಂದೆ ಕೂರಿಸಿದರು. ಒಂದು ಆಟದಲ್ಲಿ ಇಬ್ಬರೂ ಒಂದೇ ಕ್ಷಣಕ್ಕೆ ಬಟನ್ ಒತ್ತಿದರೆ ಇಬ್ಬರಿಗೂ ಪಾಯಿಂಟ್. ಇನ್ನೊಂದರಲ್ಲಿ ಯಾರು ಮೊದಲು ಒತ್ತುತ್ತಾರೋ ಅವರಿಗೆ ಪಾಯಿಂಟ್. ಕೈ ಮಾಡೋ ಕೆಲಸ ಎರಡರಲ್ಲೂ ಒಂದೇ. ಆದರೆ ಜೊತೆಯಾಟದಲ್ಲಿ ಮಾತ್ರ ಇಬ್ಬರ ಮೆದುಳಿನ ಬಲಗಡೆ ಮುಂಭಾಗದ ಏರಿಳಿತ ಹೊಂದಿಕೊಳ್ಳೋಕೆ ಶುರುವಾಯ್ತು. ಪೈಪೋಟಿಯಲ್ಲಿ ಆ ಹೊಂದಾಣಿಕೆ ಕಾಣಲಿಲ್ಲ.

2. ಮುಖ ನೋಡಿ ಮಾತು (ಚೀನಾದ ಬೀಜಿಂಗ್, 2012): 10 ಜೋಡಿ ಜನ. ನಾಲ್ಕು ಥರ ಕೂರಿಸಿದರು. ಎದುರುಬದುರು ಕೂತು ಸಂಭಾಷಣೆ, ಎದುರುಬದುರು ಕೂತು ಒಬ್ಬರೇ ಮಾತಾಡೋದು, ಬೆನ್ನಿಗೆ ಬೆನ್ನು ಮಾಡಿ ಸಂಭಾಷಣೆ, ಬೆನ್ನಿಗೆ ಬೆನ್ನು ಮಾಡಿ ಒಬ್ಬರೇ ಮಾತಾಡೋದು. ಮೆದುಳಿನ ಎಡಗಡೆ, ಮಾತಿಗೆ ಸಂಬಂಧಪಟ್ಟ ಮುಂಭಾಗದಲ್ಲಿ ಹೊಂದಾಣಿಕೆ ಹೆಚ್ಚಿದ್ದು ಮೊದಲನೇದರಲ್ಲಿ ಮಾತ್ರ. ಬೆನ್ನು ತಿರುಗಿಸಿ ಮಾತಾಡಿದರೂ ಆಗಲಿಲ್ಲ, ಎದುರಿಗೆ ಕೂತು ಒಬ್ಬರೇ ಭಾಷಣ ಮಾಡಿದರೂ ಆಗಲಿಲ್ಲ. ಮುಖವೂ ಕಾಣಬೇಕು, ಮಾತು ಹೋಗಿ ಬರಬೇಕು. ತಲೆ ಆಡಿಸೋದು, ನಗೋದು, ಒಬ್ಬರಾದ ಮೇಲೆ ಒಬ್ಬರು ಮಾತು ತಗೊಳ್ಳೋದು, ಇವೆಲ್ಲ ಸೇರಿ ಹೊಂದಾಣಿಕೆ ಬರುತ್ತೆ ಅಂತ ಸಂಶೋಧಕರು ಲೆಕ್ಕ ಹಾಕಿದರು.

3. ಮುಖಂಡ ಯಾರಾಗ್ತಾರೆ? (ಬೀಜಿಂಗ್, 2015): ಮೂರು ಮೂರು ಜನರ ಗುಂಪು ಮಾಡಿ, ಯಾರನ್ನೂ ನಾಯಕ ಅಂತ ನೇಮಿಸದೆ ಒಂದು ವಿಷಯ ಕೊಟ್ಟು ಚರ್ಚೆ ಮಾಡಿ ಅಂದರು. ಚರ್ಚೆಯಲ್ಲಿ ತಾನಾಗಿ ನಾಯಕರಾಗಿ ಮೂಡಿದವರಿಗೂ ಉಳಿದವರಿಗೂ ನಡುವೆ ಮೆದುಳಿನ ಹೊಂದಾಣಿಕೆ ಜಾಸ್ತಿ ಇತ್ತು, ಹಿಂಬಾಲಕರ ನಡುವೆ ಅಷ್ಟಿರಲಿಲ್ಲ. ಮುಖ್ಯ ವಿಷಯ ಏನಂದ್ರೆ, ಎಷ್ಟು ಸಲ ಮಾತಾಡಿದರು ಅನ್ನೋದು ಲೆಕ್ಕಕ್ಕೆ ಬರಲಿಲ್ಲ, ಎಷ್ಟು ಚೆನ್ನಾಗಿ ಮಾತಾಡಿದರು ಅನ್ನೋದು ಬಂತು. ಸಂಘ, ಸೊಸೈಟಿ ಸಭೆಗಳಲ್ಲಿ ಮೈಕ್ ಬಿಡದವರಿಗೆ ಇದನ್ನ ತೋರಿಸಬಹುದು.

4. ಎದುರಿಗೋ, ವಿಡಿಯೋ ಕಾಲೋ? (ಅಮೆರಿಕದ ಯೇಲ್, 2023): ಜೋಡಿಗಳು ನೇರವಾಗಿ ಎದುರುಬದುರು ಕೂತು ಪರಸ್ಪರ ಮುಖ ನೋಡೋದನ್ನೂ, ಝೂಮ್ ಥರದ ವಿಡಿಯೋದಲ್ಲಿ ನೋಡೋದನ್ನೂ ಹೋಲಿಸಿದರು. ಜಾಯ್ ಹಿರ್ಶ್ ಅನ್ನೋ ವಿಜ್ಞಾನಿಯ ತಂಡ ಮಾಡಿದ ಈ ಪ್ರಯೋಗದಲ್ಲಿ, ವಿಡಿಯೋದಲ್ಲಿ ಮುಖ ಕಂಡಾಗ ಮೆದುಳಿನ ಸ್ಪಂದನೆ ನೇರ ಭೇಟಿಗಿಂತ ಕಮ್ಮಿ ಇತ್ತು. ಹಾಗಂತ ವಿಡಿಯೋ ಕಾಲ್ ಕೆಟ್ಟದ್ದು ಅಂತ ಅರ್ಥ ಅಲ್ಲ. ದುಬೈನಲ್ಲಿರೋ ಮಗನ ಮುಖ ನೋಡೋಕೆ ಅದೇ ಗತಿ. ಮೆದುಳಿಗೆ ಎರಡೂ ಒಂದೇ ಅಲ್ಲ, ಅಷ್ಟು ಮಾತ್ರ ಈ ಪ್ರಯೋಗ ಹೇಳುತ್ತೆ.

ಮಗು ಮುಂದೆ, ದೊಡ್ಡವರು ಹಿಂದೆ

ಇನ್ನೊಂದು ಪ್ರಯೋಗ ತಂದೆ-ತಾಯಂದಿರು ಓದಲೇಬೇಕು. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ 9ರಿಂದ 15 ತಿಂಗಳ ಮಕ್ಕಳಿಗೂ ಒಬ್ಬ ಸಂಶೋಧಕಿಗೂ ಟೋಪಿ ಹಾಕಿದರು. ಒಂದು ಸಲ ಆಕೆ ಮಗು ಜೊತೆ ಆಟ ಆಡೋದು, ಹಾಡು ಹೇಳೋದು, ಪುಸ್ತಕ ಓದೋದು ಮಾಡಿದಳು. ಇನ್ನೊಂದು ಸಲ ಪಕ್ಕಕ್ಕೆ ತಿರುಗಿ ಬೇರೆ ದೊಡ್ಡವರ ಜೊತೆ ಮಾತಾಡ್ತಾ ಕೂತಳು, ಮಗು ತನ್ನ ಪಾಡಿಗೆ ಅಪ್ಪನ ಅಥವಾ ಅಮ್ಮನ ಜೊತೆ ಇತ್ತು.

ಜೊತೆಗೆ ಆಡಿದಾಗ ಮಗುವಿನ ಮೆದುಳು, ದೊಡ್ಡವರ ಮೆದುಳು ಎರಡರ ಏರಿಳಿತ ಹೊಂದಿಕೊಂಡವು. ತಿರುಗಿ ಕೂತಾಗ ಆ ಹೊಂದಾಣಿಕೆ ಮಾಯ. ಇನ್ನೊಂದು ಆಶ್ಚರ್ಯ ಅಂದ್ರೆ, ಮೆದುಳಿನ ಮುಂಭಾಗದಲ್ಲಿ ಮಗುವಿನ ಏರಿಳಿತವೇ ಸ್ವಲ್ಪ ಮುಂದಿತ್ತು, ದೊಡ್ಡವರದು ಅದರ ಹಿಂದೆ ಬರ್ತಿತ್ತು. ಮಗು ಬರೀ ನಾವು ಹೇಳಿದ್ದನ್ನ ಕೇಳಿಸಿಕೊಂಡು ಕೂರಲ್ಲ, ಮುಂದೇನು ಅಂತ ಕಾಯ್ತಿರುತ್ತೆ, ಎಷ್ಟೋ ಸಲ ಆಟದ ದಾರಿ ತೋರಿಸೋದೇ ಅದು ಅಂತ ಸಂಶೋಧಕರು ಇದನ್ನ ಅರ್ಥ ಮಾಡಿಕೊಂಡರು.

ಈ ಕೆಲಸ ಎಷ್ಟು ಕಷ್ಟ ಅಂತಲೂ ಇದೇ ಪ್ರಯೋಗ ತೋರಿಸುತ್ತೆ. 42 ಮಕ್ಕಳನ್ನು ಕರೆತಂದಿದ್ದರು. ಕೆಲವು ಮಕ್ಕಳು ಟೋಪಿ ಕಿತ್ತು ಬಿಸಾಕಿದವು, ಬಹಳಷ್ಟು ಮಕ್ಕಳು ಒದ್ದಾಡಿ ಅಳತೆ ಕೆಡಿಸಿದವು. ಕೊನೆಗೆ ಲೆಕ್ಕಕ್ಕೆ ಸಿಕ್ಕಿದ್ದು 18 ಮಕ್ಕಳ ಮಾಹಿತಿ. ಫಲಿತಾಂಶ 2020ರಲ್ಲಿ ಪ್ರಕಟ ಆಯ್ತು. 18 ಮಕ್ಕಳಲ್ಲಿ ಕಂಡಿದ್ದನ್ನ ಎಲ್ಲ ಮಕ್ಕಳಿಗೂ ಅಂತ ಹೇಳೋಕೆ ಇನ್ನೂ ಬಹಳ ಪ್ರಯೋಗ ಬೇಕು.

ನಮ್ಮ ದೇಶದ ಹಳ್ಳಿಯಲ್ಲಿ

ಸುಲಭವಾಗಿ ಹೊತ್ತೊಯ್ಯಬಹುದಾದ್ದರಿಂದ ಈ ಟೋಪಿ ದೊಡ್ಡ ನಗರದ ಲ್ಯಾಬ್ ಬಿಟ್ಟು ಹಳ್ಳಿಗೂ ಬಂತು. ಆಫ್ರಿಕಾದ ಗ್ಯಾಂಬಿಯಾ ದೇಶದ ಕೆನೆಬಾ ಅನ್ನೋ ಹಳ್ಳಿಯಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಶಿಶುಗಳ ಮೆದುಳಿನ ಬೆಳವಣಿಗೆಯನ್ನು ಹೀಗೆ ನೋಡಿದ್ದಾರೆ. ಅದರ ಮೊದಲ ವರದಿ 2014ರಲ್ಲಿ ಬಂತು.

ಭಾರತದಲ್ಲಿ ಇದು ಆಗಿದ್ದು ಉತ್ತರ ಪ್ರದೇಶದ ಶಿವಗಢದಲ್ಲಿ. ಬ್ರಿಟನ್ನಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ತಂಡ ಲಖನೌನ ಕಮ್ಯುನಿಟಿ ಎಂಪವರ್‌ಮೆಂಟ್ ಲ್ಯಾಬ್ ಜೊತೆ ಸೇರಿ 4 ತಿಂಗಳಿಂದ 4 ವರ್ಷದವರೆಗಿನ ಮಕ್ಕಳಿಗೆ ಟೋಪಿ ಹಾಕಿ ಒಂದು ಸರಳ ಪರೀಕ್ಷೆ ಮಾಡಿತು. ಪರದೆಯ ಎರಡು ಕಡೆ ಬಣ್ಣದ ಚೌಕಗಳು ಮಿನುಗುತ್ತವೆ. ಒಂದು ಕಡೆ ಬಣ್ಣ ಬದಲಾಗ್ತಾ ಇರುತ್ತೆ, ಇನ್ನೊಂದು ಕಡೆ ಅದೇ ಇರುತ್ತೆ. ಬದಲಾಗೋದನ್ನ ಗುರುತು ಹಿಡಿದರೆ ಮಗು ಆ ಕಡೆ ಹೆಚ್ಚು ನೋಡುತ್ತೆ. ಕಣ್ಣಿಗೆ ಕಂಡದ್ದನ್ನ ಕ್ಷಣ ಹೊತ್ತು ನೆನಪಲ್ಲಿ ಇಟ್ಟುಕೊಳ್ಳುವ ಶಕ್ತಿಯ ಪರೀಕ್ಷೆ ಇದು.

2019ರಲ್ಲಿ ಬಂದ ಫಲಿತಾಂಶ ಯೋಚನೆಗೆ ಹಚ್ಚುವಂಥದ್ದು. ತಾಯಿಯ ಓದು ಕಡಿಮೆ, ಮನೆಯ ಆದಾಯ ಕಡಿಮೆ ಇದ್ದ ಮಕ್ಕಳಲ್ಲಿ ಈ ಕೆಲಸಕ್ಕೆ ಬೇಕಾದ ಮೆದುಳಿನ ಭಾಗಗಳ ಸ್ಪಂದನೆ ಕಮ್ಮಿ ಇತ್ತು, ಗಮನ ಬೇರೆ ಕಡೆ ಹೋಗದಂತೆ ತಡೆಯೋದೂ ಕಷ್ಟ ಆಗ್ತಿತ್ತು.

ಇದನ್ನ ತಪ್ಪಾಗಿ ಓದಬಾರದು. "ಬಡವರ ಮಕ್ಕಳ ಮೆದುಳೇ ಕಮ್ಮಿ" ಅಂತ ಇದು ಹೇಳ್ತಿಲ್ಲ. ಇದು ಗುಂಪಿನ ಸರಾಸರಿ, ಯಾವ ಒಂದು ಮಗುವಿನ ಭವಿಷ್ಯವೂ ಅಲ್ಲ. ಬಡತನ, ಓದಿನ ಕೊರತೆ ಶಾಲೆ ಮೆಟ್ಟಿಲು ಹತ್ತೋ ಮುಂಚೆನೇ ಮಗುವನ್ನ ಮುಟ್ಟುತ್ತೆ, ಹಾಗಾಗಿ ನೆರವು ಕೂಡ ಆ ವಯಸ್ಸಿಗೇ ಮುಟ್ಟಬೇಕು ಅನ್ನೋದು ಇದರ ತಾತ್ಪರ್ಯ. ಅಂಗನವಾಡಿ ಬರೀ ಮೊಟ್ಟೆ ಕೊಡೋ ಜಾಗ ಅಂದುಕೊಂಡವರು ಇದನ್ನ ಗಮನಿಸಬೇಕು. ಆರು ವರ್ಷದ ಒಳಗೆ ಹೊಟ್ಟೆಗೆ ಸಿಗೋ ಊಟ, ಜೊತೆ ಕೂತು ಮಾತಾಡೋ ದೊಡ್ಡವರು, ತಾಯಿಗೆ ಸಿಗೋ ಓದು, ಇದರಲ್ಲಿ ಯಾವುದೂ ಸಣ್ಣ ವಿಷಯ ಅಲ್ಲ.

"ಹೊಂದಿಕೊಂಡಿತು" ಅಂದಾಕ್ಷಣ ನಂಬಬೇಕಾ?

ಇಬ್ಬರ ಮೆದುಳು ಹೊಂದಿಕೊಂಡವು ಅಂದ ತಕ್ಷಣ ಇಬ್ಬರ ಮನಸ್ಸೂ ಒಂದಾಯ್ತು, ಪ್ರೀತಿ ಇದೆ, ನಂಬಿಕೆ ಇದೆ ಅಂತ ಅಲ್ಲ. ಇಬ್ಬರು ಅಪರಿಚಿತರು ಒಂದೇ ಥಿಯೇಟರಲ್ಲಿ ಒಂದೇ ಸಿನಿಮಾ ನೋಡಿದರೂ ಅವರ ಮೆದುಳಿನ ಏರಿಳಿತ ಸಾಕಷ್ಟು ಹೊಂದಿಕೊಳ್ಳುತ್ತೆ. ಒಂದೇ ದೃಶ್ಯ, ಒಂದೇ ಸದ್ದು, ಅದಕ್ಕೆ. ಅವರಿಬ್ಬರ ನಡುವೆ ಒಂದು ಮಾತೂ ನಡೆದಿರಲ್ಲ.

ಇನ್ನೊಂದು ತೊಂದರೆ, ಟೋಪಿ ಅಳೆಯೋದು ರಕ್ತವನ್ನ ಅಂದೆವಲ್ಲ. ರಕ್ತದ ಒತ್ತಡದಲ್ಲಿ ಸುಮಾರು 10 ಸೆಕೆಂಡಿಗೊಮ್ಮೆ ತಾನಾಗಿ ಒಂದು ಅಲೆ ಏಳುತ್ತೆ. ಮಾತಾಡುವಾಗ ಉಸಿರಾಟ ಬದಲಾಗುತ್ತೆ, ಅದರಿಂದಲೂ ರಕ್ತದ ಹರಿವು ಬದಲಾಗುತ್ತೆ. ತಲೆ ಚರ್ಮದಲ್ಲೂ ರಕ್ತ ಇದೆ, ಬೆಳಕು ಅದನ್ನ ದಾಟಿಯೇ ಒಳಗೆ ಹೋಗಬೇಕು. ಹಾಗಾಗಿ ಕಂಡಿದ್ದೆಲ್ಲ ಮೆದುಳಿನದಲ್ಲ.

ಒಳ್ಳೆಯ ಸಂಶೋಧಕರು ಇದಕ್ಕೆ ಎರಡು ಉಪಾಯ ಮಾಡ್ತಾರೆ. ಮೊದಲನೇದು, ಬೆಳಕಿನ ಗುಂಡಿಗಳನ್ನ 1 ಸೆಂಟಿಮೀಟರಿಗಿಂತ ಹತ್ತಿರ ಇಟ್ಟು ಬರೀ ಚರ್ಮದ ರಕ್ತವನ್ನ ಅಳೆದು ಒಟ್ಟು ಲೆಕ್ಕದಿಂದ ಕಳೀತಾರೆ. ಗಾಡಿ ಸಮೇತ ತೂಕ ಮಾಡಿ ಆಮೇಲೆ ಖಾಲಿ ಗಾಡಿ ತೂಕ ಕಳೀತಾರಲ್ಲ, ಅದೇ ಲೆಕ್ಕ. ಎರಡನೇದು, ಸುಳ್ಳು ಜೋಡಿ ಮಾಡ್ತಾರೆ. ಒಂದನೇ ಜೋಡಿಯ ಒಬ್ಬರನ್ನ ಐದನೇ ಜೋಡಿಯ ಒಬ್ಬರ ಜೊತೆ ಕಾಗದದ ಮೇಲೆ ಸೇರಿಸಿ ಲೆಕ್ಕ ಹಾಕ್ತಾರೆ. ಇವರು ಪರಸ್ಪರ ಮಾತೇ ಆಡಿಲ್ಲ. ಅವರಲ್ಲೂ ಅಷ್ಟೇ ಹೊಂದಾಣಿಕೆ ಬಂದರೆ, ಅದು ಮಾತುಕತೆಯಿಂದ ಬಂದಿದ್ದಲ್ಲ ಅಂತ ಗೊತ್ತಾಗುತ್ತೆ.

ದಟ್ಟ ಕಪ್ಪು ಕೂದಲಿನ ಸಮಸ್ಯೆ

ನಮ್ಮಂಥವರಿಗೆ ನೇರವಾಗಿ ಸಂಬಂಧಪಟ್ಟ ಇನ್ನೊಂದು ವಿಷಯ ಇದೆ. ಕಪ್ಪು ಬಣ್ಣ ಬೆಳಕನ್ನ ಹೀರುತ್ತೆ. ದಟ್ಟ ಕಪ್ಪು ಕೂದಲು, ಕಪ್ಪು ಚರ್ಮ ಇದ್ದವರಲ್ಲಿ ಟೋಪಿಗೆ ವಾಪಸ್ ಬರೋ ಬೆಳಕು ಕಮ್ಮಿ. ಕೂದಲನ್ನ ಕಡ್ಡಿಯಿಂದ ಒಂದೊಂದೇ ಕಡೆ ಸರಿಸಿ ಗುಂಡಿ ಕೂರಿಸಬೇಕು. ಆಗದಿದ್ದರೆ ಅಂಥವರ ಮಾಹಿತಿಯನ್ನ ಕೈಬಿಡ್ತಾರೆ. ಹೀಗೆ ಬಿಟ್ಟುಕೊಂಡೇ ಹೋದರೆ "ಮನುಷ್ಯರ ಮೆದುಳು ಹೀಗೆ" ಅಂತ ಬರೆಯೋ ಪುಸ್ತಕದಲ್ಲಿ ನಮ್ಮ ಥರದವರು ಇರೋದೇ ಇಲ್ಲ.

ಬೆರಳಿನ ಆಕ್ಸಿಮೀಟರಲ್ಲೂ ಇದೇ ತೊಂದರೆ ಬೆಳಕಿಗೆ ಬಂತು. 2020ರಲ್ಲಿ ಅಮೆರಿಕದ ಮಿಷಿಗನ್ ವೈದ್ಯರ ವರದಿ ಪ್ರಕಾರ, ಆಮ್ಲಜನಕ ನಿಜಕ್ಕೂ ಕುಸಿದಿದ್ದರೂ ಆಕ್ಸಿಮೀಟರ್ ಸರಿಯಿದೆ ಅಂತ ತೋರಿಸಿದ್ದು ಬಿಳಿಯ ರೋಗಿಗಳಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ಯಂತ್ರ ಬೇಕಂತ ಭೇದ ಮಾಡಲ್ಲ. ಆದರೆ ಯಾರ ಮೇಲೆ ಪರೀಕ್ಷೆ ಮಾಡಿ ತಯಾರಿಸಿದ್ದಾರೆ ಅನ್ನೋದು ಮುಖ್ಯ.

ಕೋರ್ಟ್ ಏನು ಹೇಳಿದೆ?

ಮೆದುಳನ್ನ ಬಲವಂತವಾಗಿ ನೋಡಬಹುದಾ ಅನ್ನೋ ಪ್ರಶ್ನೆ ನಮ್ಮ ರಾಜ್ಯದ ಹೆಸರಿರುವ ಕೇಸಲ್ಲೇ ತೀರ್ಮಾನ ಆಗಿದೆ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು ತೀರ್ಪು ಕೊಟ್ಟಿತು. ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಇವನ್ನ ಒಪ್ಪಿಗೆ ಇಲ್ಲದೆ ಯಾರ ಮೇಲೂ ಮಾಡುವಂತಿಲ್ಲ ಅಂತ ಹೇಳಿತು. ಅಲ್ಲಿ ಚರ್ಚೆಯಾಗಿದ್ದು ವಿದ್ಯುತ್ ಅಳೆಯುವ ಬ್ರೈನ್ ಮ್ಯಾಪಿಂಗ್, ಬೆಳಕಿನ ಟೋಪಿ ಅಲ್ಲ. ಆದರೆ ನಮ್ಮ ತಲೆಯೊಳಗೆ ಇರೋದು ನಮ್ಮದು ಅನ್ನೋ ತತ್ವ ಅಲ್ಲಿ ಸ್ಪಷ್ಟ ಆಯ್ತು.

ಶಾಲೆಗಳ ವಿಷಯಕ್ಕೆ ಬಂದರೆ ಚೀನಾದ ಉದಾಹರಣೆ ಇದೆ. 2019ರಲ್ಲಿ ಝೆಜಿಯಾಂಗ್ ಪ್ರಾಂತ್ಯದ ಒಂದು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಹಣೆಗೆ ಇಇಜಿ ಪಟ್ಟಿ ಕಟ್ಟಿ, ಯಾರು ಪಾಠದಲ್ಲಿ ಗಮನ ಕೊಡ್ತಿದ್ದಾರೆ ಅಂತ ಮೇಷ್ಟ್ರಿಗೆ ತೋರಿಸೋ ವ್ಯವಸ್ಥೆ ಮಾಡಿದ್ದರು. ಸುದ್ದಿ ಹೊರಗೆ ಬಂದು ಜನ ಸಿಟ್ಟಾದ ಮೇಲೆ ಅದನ್ನ ನಿಲ್ಲಿಸಲಾಯ್ತು.

ಹಾಗಾದ್ರೆ ಆಸ್ಪತ್ರೆಯಲ್ಲಿ ಉಪಯೋಗ ಇಲ್ವಾ?

ಇದೆ. ತಲೆಗೆ ಪೆಟ್ಟು ಬಿದ್ದವರಿಗೆ ಒಳಗೆ ರಕ್ತಸ್ರಾವ ಆಗಿದೆಯಾ ಅಂತ ಬೇಗ ಸುಳಿವು ಕೊಡೋಕೆ ಇದೇ ಇನ್‌ಫ್ರಾರೆಡ್ ಬೆಳಕು ಬಳಸುವ, ಕೈಯಲ್ಲಿ ಹಿಡಿಯುವ 'ಸೆರೆಬೋ' ಅನ್ನೋ ಸಾಧನ ನಮ್ಮ ದೇಶದಲ್ಲೇ ತಯಾರಾಗಿದೆ. ಐಸಿಎಂಆರ್ ಜೊತೆ ಬೆಂಗಳೂರಿನ ನಿಮ್ಹಾನ್ಸ್, ಭೋಪಾಲಿನ ಏಮ್ಸ್ ಈ ಕೆಲಸದಲ್ಲಿ ಕೈಜೋಡಿಸಿವೆ. ಸಿಟಿ ಸ್ಕ್ಯಾನ್ ಇಲ್ಲದ ಊರುಗಳಲ್ಲಿ ಬೈಕ್ ಆಕ್ಸಿಡೆಂಟ್ ಆದವರನ್ನ ಯಾರನ್ನ ಮೊದಲು ದೊಡ್ಡಾಸ್ಪತ್ರೆಗೆ ಸಾಗಿಸಬೇಕು ಅಂತ ತೀರ್ಮಾನ ಮಾಡೋಕೆ ಇಂಥದ್ದು ನೆರವಾಗುತ್ತೆ. ಆದರೆ ಸಿಟಿ ಸ್ಕ್ಯಾನ್, ಎಂಆರ್‌ಐ ಜಾಗಕ್ಕೆ ಇದು ಬರಲ್ಲ.

ದುಡ್ಡು ಕೊಡೋ ಮುಂಚೆ ಇಷ್ಟು ಕೇಳಿ

ಯಾರಾದ್ರೂ ಶಾಲೆಗೋ ಮನೆಗೋ ಬಂದು ನಿಮ್ಮ ಮಗುವಿನ ಮೆದುಳು ಪರೀಕ್ಷೆ ಮಾಡ್ತೀವಿ ಅಂದ್ರೆ ಈ ಪ್ರಶ್ನೆ ಕೇಳಿ:

* ಏನನ್ನ ಅಳೀತೀರಿ? ರಕ್ತದ ಆಮ್ಲಜನಕವನ್ನೋ, ವಿದ್ಯುತ್ತನ್ನೋ? ಬರೀ ಬೆರಳಚ್ಚು ತಗೊಂಡು ಮಗು ಡಾಕ್ಟರಾಗುತ್ತೆ, ಎಂಜಿನಿಯರಾಗುತ್ತೆ ಅಂತ ಹೇಳೋರು ಮೆದುಳನ್ನ ನೋಡೇ ಇಲ್ಲ.
* ಒಂದು ಮಗುವಿನ ಬಗ್ಗೆ ಇದರಿಂದ ಹೇಳಬಹುದಾ? ಮೇಲೆ ಹೇಳಿದ ಎಲ್ಲ ಪ್ರಯೋಗಗಳೂ ಗುಂಪಿನ ಸರಾಸರಿ. ಟೋಪಿ ಹಾಕಿ ಹತ್ತು ನಿಮಿಷದಲ್ಲಿ ಒಬ್ಬರ ಬುದ್ಧಿ, ಗುಣ, ಮುಂದಿನ ಕೆಲಸ ಹೇಳುವ ವಿಜ್ಞಾನ ಇಲ್ಲ.
* ಮಾಹಿತಿ ಯಾರ ಹತ್ತಿರ ಇರುತ್ತೆ? 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಅನ್ನುತ್ತೆ. ಸಹಿ ಹಾಕೋ ಮುಂಚೆ ಪೂರ್ತಿ ಓದಿ, ಅರ್ಥ ಆಗದಿದ್ದರೆ ಓದಿಸಿ ಕೇಳಿ.
* ನಾನೇ ಯಾಕೆ ದುಡ್ಡು ಕೊಡಬೇಕು? ಸಂಶೋಧನೆಗೆ ಅಂತ ನಿಜವಾಗಿ ಬಂದವರು ನಿಮ್ಮ ಹತ್ತಿರ ಫೀಸ್ ಕೇಳಲ್ಲ. ಏನು ಮಾಡ್ತೀವಿ ಅಂತ ವಿವರಿಸಿ ಒಪ್ಪಿಗೆ ಕೇಳ್ತಾರೆ, ಬೇಡ ಅಂದ್ರೆ ಯಾವಾಗ ಬೇಕಾದ್ರೂ ನಿಲ್ಲಿಸಬಹುದು.

ಮಗು ಮಾತು ಕಲಿಯೋದು ತಡ ಆಗ್ತಿದೆ, ಫಿಟ್ಸ್ ಬರ್ತಿದೆ, ಗಮನ ಕೊಡ್ತಿಲ್ಲ ಅಂತ ನಿಜಕ್ಕೂ ಚಿಂತೆ ಇದ್ದರೆ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಅಥವಾ ತಾಲೂಕು ಆಸ್ಪತ್ರೆಯ ಮಕ್ಕಳ ಡಾಕ್ಟರಿಗೆ ತೋರಿಸಿ. ಅಲ್ಲಿಂದ ಮುಂದೆ ಎಲ್ಲಿಗೆ ಹೋಗಬೇಕು ಅಂತ ಅವರೇ ಬರೆದುಕೊಡ್ತಾರೆ. ಇನ್ನು ಮಗುವಿನ ಎದುರು ಕೂತು, ಮೊಬೈಲ್ ಪಕ್ಕಕ್ಕಿಟ್ಟು, ಮುಖ ನೋಡಿ ಮಾತಾಡೋಕೆ ಯಾವ ಟೋಪಿಯೂ ಬೇಡ, ಫೀಸೂ ಇಲ್ಲ.